ಎಲ್ಲರಿಗೂ ಹದಿನೆಂಟು

೨೦೨೨ನೆಯ ಇಸವಿ. ನನಗಾಗ ಐವತ್ತೊಂದು ವರ್ಷ ನಾಲ್ಕು ತಿಂಗಳು. ಜಮಖಂಡಿಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷ ಕನ್ನಡ ವ್ಯಾಕರಣ ಕಲಿಸಿ ಆ ಜೂನ್ ತಿಂಗಳಲ್ಲಿ ಸ್ವಯಂನಿವೃತ್ತಿ ಪಡೆದಿದ್ದೆ. ಆ ನಿವೃತ್ತಿಯಲ್ಲಿ ನನ್ನ ಸ್ವಂತ ಇಚ್ಛೆಯ ಪಾಲು ಎಷ್ಟಿತ್ತೆಂದು ಹೇಳುವುದು ಕಷ್ಟ. ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಯೊಂದನ್ನು ಕೆಂಪು ಮಸಿಯಲ್ಲಿ ತಿದ್ದಿ, ಹತ್ತಕ್ಕೆ ಮೂರು ಅಂಕ ಕೊಟ್ಟು, ಸಹಿ ಹಾಕಿ ಹಿಂದಿರುಗಿಸಿದ್ದೆ. ಆ ಬಳಿಕ ನನ್ನ ಆರೋಗ್ಯದ ವಿಷಯದಲ್ಲಿ ಆ ಕಚೇರಿಗೆ ಇದ್ದಕ್ಕಿದ್ದಂತೆ ಕಾಳಜಿ ಹುಟ್ಟಿತು.

ಮನೆಯಲ್ಲಿ ಸುಮ್ಮನೆ ಕೂತು ಹೆಂಡತಿಯ ದಿನಸಿ ಚೀಟಿಯನ್ನು ತಿದ್ದತೊಡಗಿದಾಗ ಆಕೆಯೇ ಯಾರಿಗೋ ಹೇಳಿಸಿ ನನಗೊಂದು ಕೆಲಸ ಕೊಡಿಸಿದಳು. ಊರಿನ ಧರ್ಮಾರ್ಥ ಆಸ್ಪತ್ರೆಯೊಂದರಲ್ಲಿ ಹಳೆಯ ಕೇಸ್‌ಪೇಪರ್‌ಗಳನ್ನು ಓದಿ ಅವುಗಳಲ್ಲಿನ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು. ಅಲ್ಲಿ ನನಗೆ ಪರಿಚಯವಾದವರ ಬಗ್ಗೆ ಈ ಬರಹ. ತಮ್ಮ ಹೆಸರನ್ನು ಬರೆಯಬಾರದೆಂದು ಅವರೇ ಹೇಳಿದ್ದಾರೆ. ಕಳೆದ ವಾರ ಅವರು ಇನ್ನೊಂದು ಜಿಲ್ಲೆಯ ಆಸ್ಪತ್ರೆಗೆ ಹೊರಟುಹೋದರು. ಬೀಳ್ಕೊಡುಗೆಯ ಸಭೆಯಲ್ಲಿ ಒಬ್ಬರು ಅವರನ್ನು ನಂಜಿಗೆ ಔಷಧ ಕಂಡುಹಿಡಿದವರೆಂದರು. ಇನ್ನೊಬ್ಬರು ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡಿದ ಮಹನೀಯರೆಂದರು. ಮೂರನೆಯವರು ನಮ್ಮ ಜನರ ಶ್ವಾಸಕೋಶದ ಬಲವನ್ನು ಜಗತ್ತಿಗೆ ಸಾರಿದವರೆಂದರು. ಮೂರೂ ತಪ್ಪು. ತಪ್ಪನ್ನು ತಪ್ಪಾಗಿಯೇ ಬಿಟ್ಟು ಮನೆಗೆ ಹೋಗುವ ಅಭ್ಯಾಸ ನನಗಿಲ್ಲ.

ಅವರು ಮುಧೋಳದವರು. ನಲವತ್ತರ ಆಸುಪಾಸಿನ, ಕೃಶವಾದ, ಅಂಗಿಯ ಗುಂಡಿಗಳನ್ನು ಒಂದು ಮನೆ ಆಚೀಚೆ ಹಾಕಿಕೊಂಡು ಬರುವ ಮನುಷ್ಯ. ಕಂಪ್ಯೂಟರನ್ನು ಬಟ್ಟೆಯ ಕೈಚೀಲದಲ್ಲಿಟ್ಟುಕೊಂಡು ದಿನವೂ ಬಸ್ಸಿನಲ್ಲಿ ಬರುತ್ತಿದ್ದರು; ಅದೇ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೂಡ ಇರುತ್ತಿತ್ತು. ಅವರ ಕಂಪ್ಯೂಟರನ್ನು ತಲೆಕೆಳಗು ಮಾಡಿ ತಟ್ಟಿದರೆ ಒಬ್ಬನ ಊಟಕ್ಕೆ ಸಾಕಾಗುವಷ್ಟು ಚಟ್ನಿ ಉದುರುತ್ತಿತ್ತು. ಹೆಸರಿನ ಹಿಂದೆ 'ಡಾಕ್ಟರ್' ಎಂದಿದ್ದರೂ ಮದ್ದು ಕೊಡುವ ಡಾಕ್ಟರಲ್ಲ. ಅವರ ವಿದ್ಯೆಯ ಹೆಸರು ಗಣಕ ಜೀವಶಾಸ್ತ್ರ. ಆಸ್ಪತ್ರೆಯಲ್ಲಿ ಅರ್ಧ ಜನ ಅದರಲ್ಲಿನ 'ಗಣಕ'ವನ್ನಷ್ಟೇ ಹಿಡಿದುಕೊಂಡು ಕೆಟ್ಟ ಪ್ರಿಂಟರುಗಳನ್ನು ಹೊತ್ತು ತರುತ್ತಿದ್ದರು. ಉಳಿದ ಅರ್ಧ 'ಜೀವ'ವನ್ನು ಹಿಡಿದುಕೊಂಡು ಎಮ್ಮೆ ಗಬ್ಬ ನಿಲ್ಲದಿರುವುದಕ್ಕೆ ಕಾರಣ ಕೇಳುತ್ತಿದ್ದರು. ಅವರು ಎರಡು ಗುಂಪಿನವರಿಗೂ ಬೇಸರಿಸದೆ, "ನನಗ ಗೊತ್ತಿಲ್ರಿ" ಎನ್ನುತ್ತಿದ್ದರು. ಇಷ್ಟು ಓದಿದ ಮನುಷ್ಯನೊಬ್ಬ ದಿನಕ್ಕೆ ಇಷ್ಟು ಸಲ ಹಾಗೆನ್ನುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅವರಿಗೆ ಗೊತ್ತಿದ್ದದ್ದು ಒಂದು ವಿಷಯ. ದೇಹದಲ್ಲಿ ಎಲ್ಲೋ ಒಂದು ಕಡೆ ಸೋಂಕು ತಗಲುತ್ತದೆ: ಕಾಲಿನ ಗಾಯಕ್ಕೆ, ಮೂತ್ರನಾಳಕ್ಕೆ, ಬಾಣಂತಿಯ ಗರ್ಭಕೋಶಕ್ಕೆ. ಅದನ್ನು ಹತ್ತಿಕ್ಕಲು ಹೊರಟ ದೇಹ ಹದ ತಪ್ಪಿ ತನ್ನ ಅಂಗಗಳ ಮೇಲೆಯೇ ಏರಿಹೋಗುತ್ತದೆ. ನಮ್ಮ ಜನ 'ನಂಜ ಏರಿತು' ಎನ್ನುತ್ತಾರೆ. ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಮೊದಲ ಕೆಲವು ಗಂಟೆಗಳಲ್ಲಿ ಗುರುತು ಸಿಕ್ಕರೆ ಉಳಿಸಬಹುದು. ಆದರೆ ಆ ಗಂಟೆಗಳಲ್ಲಿ ರೋಗಿ ಎದ್ದು ಕೂತು ಚಹಾ ಕುಡಿಯುತ್ತಿರುತ್ತಾನೆ. ಎಲ್ಲರಿಗೂ ಕಾಣುವಷ್ಟು ಸ್ಪಷ್ಟವಾಗುವ ವೇಳೆಗೆ ವೈದ್ಯರು ಸಂಬಂಧಿಕರನ್ನು ಹೊರಗೆ ಕರೆದು ಮಾತನಾಡಿಸುತ್ತಿರುತ್ತಾರೆ.

ಪುಣೆಯ ಪ್ರಯೋಗಾಲಯವೊಂದರಲ್ಲಿ ಅವರು, ನಂಜು ಏರುವ ಮೊದಲು ರಕ್ತದ ಬಿಳಿಯ ಕಣಗಳಲ್ಲಿ ಯಾವ ಯಾವ ಜೀನ್‌ಗಳು ಎಚ್ಚರಗೊಳ್ಳುತ್ತವೆ ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕುತ್ತಿದ್ದರಂತೆ. ಆ ಪರೀಕ್ಷೆಯ ಉಪಕರಣ ನಮ್ಮ ಸುತ್ತಮುತ್ತ ಎಲ್ಲಿಯೂ ಇಲ್ಲ. ಇಲ್ಲಿ ಇರುವುದು ನಾಡಿ, ಜ್ವರ, ರಕ್ತದೊತ್ತಡ, ಉಸಿರಿನ ಎಣಿಕೆ, ರಕ್ತಕಣಗಳ ಎಣಿಕೆ. ಇವಿಷ್ಟನ್ನೇ ಜೋಡಿಸಿ ನೋಡುವ ಗಣಿತವನ್ನು ಕಂಪ್ಯೂಟರಿಗೆ ಕಲಿಸಿದರೆ, ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಅದು 'ಈ ಮಂಚದ ಕಡೆ ನೋಡಿ' ಎನ್ನಬಲ್ಲದೆಂಬುದು ಅವರ ನಂಬಿಕೆ. ಆಸ್ಪತ್ರೆಯ ಆಡಳಿತ ಮಂಡಳಿ ಅವರಿಗೆ ೨೦೨೪ರ ಮಾರ್ಚ್ ಕೊನೆಯವರೆಗೆ ಗಡುವು ಕೊಟ್ಟಿತ್ತು. ಅಷ್ಟರೊಳಗೆ ಅವರ ಯಂತ್ರ ಒಬ್ಬನೇ ಒಬ್ಬ ರೋಗಿಯ ನಂಜನ್ನಾದರೂ ವೈದ್ಯರಿಗಿಂತ ಮೊದಲು ಗುರುತಿಸಿದೆಯೆಂದು ಸಿದ್ಧವಾಗಬೇಕು. ಇಲ್ಲವಾದರೆ ಅದನ್ನು ವಾರ್ಡಿನಿಂದ ಎತ್ತಬೇಕು. 'ಯಂತ್ರ' ಎಂಬುದು ನಮ್ಮ ಮಾತು. ನಿಜಕ್ಕೂ ಅದು ಕಂಪ್ಯೂಟರಿನೊಳಗಿನ ಲೆಕ್ಕ, ಮತ್ತು ವಾರ್ಡಿನ ಗೋಡೆಗೆ ತೂಗುಹಾಕಿದ ಒಂದು ಪರದೆ.

ಅವರಿಗೊಂದು ವಿಚಿತ್ರವಾದ ಚಟವಿತ್ತು. ಎದುರಿಗಿದ್ದವರ ಮುಖ ನೋಡದೆ ಎದೆಯನ್ನೋ ಹೊಟ್ಟೆಯನ್ನೋ ನೋಡುತ್ತ ಉಸಿರು ಎಣಿಸುತ್ತಿದ್ದರು. ಒಮ್ಮೆ ಮುಧೋಳದಿಂದ ಬರುವ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದಿತ್ತು. ಎದುರು ಸೀಟಿನಲ್ಲಿ ರುಮಾಲು ಸುತ್ತಿದ ಮುದುಕನೊಬ್ಬ ಕೂತಿದ್ದ. ಇವರ ದೃಷ್ಟಿ ಅವನ ಹೊಟ್ಟೆಯ ಮೇಲೆ. ನಾನು ಪಕ್ಕದಲ್ಲಿದ್ದೆ.

"ಏನ್ ನೋಡಾಕತ್ತೀಯೋ ತಮ್ಮಾ?" ಎಂದ ಮುದುಕ. "ಹೊಟ್ಟ್ಯಾಗ ಏನರ ಬಂಗಾರ ಇಟಗೊಂಡೇನೇನು ನಾ?"

"ಇಲ್ರೀ ಯಜಮಾನ್ರ, ನಿಮ್ಮ ಉಸಿರು ಎಣಿಸಾಕತ್ತಿದ್ದೆ."

"ಎಣಿಸು, ಎಣಿಸು. ಎಷ್ಟ ಉಳದಾವ ಅಂತ ಹೇಳಿಬಿಡು. ಸೊಸಿ ಕೇಳಾಕತ್ತಾಳ."

ಬಸ್ಸೆಲ್ಲ ನಕ್ಕಿತು. ಇವರು ನಗಲಿಲ್ಲ, ಅವರ ಎಣಿಕೆ ತಪ್ಪಿಹೋಗಿತ್ತು.

ಇನ್ನೊಂದು ಚಟ ಬಾಯಿಮಾತಿನದು. ಯಾರು ಏನೇ ಹೇಳಲಿ, ಅವರ ಮರುಪ್ರಶ್ನೆ ಒಂದೇ: "ಎಣಿಸೀರೇನ್ರಿ?" ಮದುವೆಗೆ ಬಹಳ ಜನ ಬಂದಿದ್ದರೆಂದರೆ, ಎಣಿಸೀರೇನ್ರಿ? ಚಹಾದವನು ಎರಡೇ ಚಮಚ ಸಕ್ಕರೆ ಹಾಕಿದ್ದೇನೆಂದರೆ, ಎಣಿಸೀರೇನ್ರಿ? ಆ ಚಹಾದವನು ಕೊನೆಗೆ ಇವರ ಕಣ್ಣೆದುರಿಗೆ ಗಟ್ಟಿಯಾಗಿ ಒಂದು, ಎರಡು ಎಂದು ಎಣಿಸುತ್ತ ಹಾಕತೊಡಗಿದ. ಇವರಿಗೆ ಅದು ಹಾಸ್ಯವೆಂದು ಹೊಳೆಯಲೇ ಇಲ್ಲ. "ಛಲೋ ಪದ್ಧತಿ ಐತಿ" ಎಂದು ಮೆಚ್ಚಿಕೊಂಡರು.

ನನ್ನ ಕೆಲಸದ ಬಗ್ಗೆಯೂ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಐದು ವರ್ಷಗಳ ಕೇಸ್‌ಪೇಪರ್‌ಗಳನ್ನು ನಾಲ್ಕು ತಿಂಗಳಲ್ಲಿ ಏರಿಸಿದೆ. ಶಾಲೆಯಲ್ಲಿ ತನಿಖಾಧಿಕಾರಿಗಳು ಬರುವ ಮುನ್ನಾದಿನ ಹಾಜರಿ ಪುಸ್ತಕದ ಖಾಲಿ ಮನೆಗಳನ್ನೆಲ್ಲ ತುಂಬುವುದು ನಮ್ಮಲ್ಲಿ ಬಹು ಹಳೆಯ ಶಿಸ್ತು. ಖಾಲಿ ಮನೆ ಇರುವ ಪುಸ್ತಕ ಮರ್ಯಾದಸ್ಥರ ಪುಸ್ತಕವಲ್ಲ. ಅದೇ ಶಿಸ್ತನ್ನು ಇಲ್ಲಿಯೂ ಪಾಲಿಸಿದೆ. ಮೇಲಿನ ಮನೆಯಲ್ಲಿ ಹದಿನೆಂಟು, ಕೆಳಗಿನ ಮನೆಯಲ್ಲಿ ಹದಿನೆಂಟು ಇದ್ದು ನಡುವೆ ಖಾಲಿ ಇದ್ದರೆ, ಅಲ್ಲಿ ಏನಿರಬೇಕೆಂದು ಯಾವ ಮಗುವಾದರೂ ಹೇಳಬಲ್ಲದು. ಇನ್ನು ಹದಿನೆಂಟರ ಅಚ್ಚುಕಟ್ಟಾದ ಸಾಲಿನ ನಡುವೆ ಯಾರೋ ಇಪ್ಪತ್ತಾರು, ಮೂವತ್ತೊಂದು ಎಂದು ಗೀಚಿದ್ದರೆ ಅದು ಕೈತಪ್ಪೆಂದು ತಿಳಿದು ಸರಿಪಡಿಸಿದೆ. ಅಂಥ ಗೀಚುಗಳೆಲ್ಲ ಹೆಚ್ಚಾಗಿ ಒಂದೇ ಕೈಬರಹದಲ್ಲಿದ್ದವು. ಈ ತಿದ್ದುಪಡಿಯ ಸಂಗತಿಯನ್ನು ಅವರಿಗೆ ಹೇಳಲಿಲ್ಲ. ಹೇಳುವಂಥದ್ದೇನೂ ಇದೆಯೆಂದು ನನಗೆ ತೋರಲಿಲ್ಲ. ಶಾಲೆಯಲ್ಲಿ ತಿದ್ದಿದ್ದಕ್ಕೆ ಯಾರ ಅನುಮತಿಯನ್ನೂ ಕೇಳಿದವನಲ್ಲ.

ಮೊದಲ ಫಲಿತಾಂಶ ಬಂದ ದಿನ ಅವರು ಪರದೆಯ ಮುಂದೆ ಕೂತು ಕೈಯಲ್ಲಿ ಹಿಡಿದ ರೊಟ್ಟಿಯನ್ನು ಮರೆತಿದ್ದರು.

"ಮಾಸ್ತರ, ಇಲ್ಲಿ ನೋಡ್ರಿ. ನಂಜು ಏರುವಾಗ ಉಸಿರು ಎಲ್ಲಾಕಿಂತ ಮೊದಲ ಜೋರಾಗತೈತಿ. ಎಲ್ಲಾ ದೇಶದಾಗೂ ಹಂಗ. ನಮ್ಮಲ್ಲಿ ಆಗಂಗಿಲ್ಲ. ಹುಶಾರಿದ್ದಾವಗೂ ಹದಿನೆಂಟು, ಇನ್ನೊಂದ ತಾಸಿಗೆ ತೀರಿಕೊಂಡಾವಗೂ ಹದಿನೆಂಟು."

ಯಂತ್ರದ ಸಂಶೋಧನೆಯನ್ನು ಶುದ್ಧ ಕನ್ನಡದಲ್ಲಿ ಹೇಳುವುದಾದರೆ ಹೀಗೆ: ಜಮಖಂಡಿ ಪರಿಸರದ ಮನುಷ್ಯನು ಹುಟ್ಟಿದಂದಿನಿಂದ ಸಾಯುವವರೆಗೆ ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡುತ್ತಾನೆ, ಸತ್ತಾಗ ಮಾತ್ರ ನಿಲ್ಲಿಸುತ್ತಾನೆ.

ಈ ಸುದ್ದಿ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಮುಟ್ಟಿತು. ಅವರು ಹಿಪ್ಪರಗಿಯ ಕಡೆ ಕಬ್ಬಿನ ದೊಡ್ಡ ಜಮೀನುದಾರರು. ಎಲ್ಲರೂ ಧಣ್ಯಾರು ಎಂದು ಕರೆಯುತ್ತಿದ್ದರು. ಬಲಗಾಲನ್ನು ಎಡಗಾಲಿನ ಮೇಲೆ ಹಾಕಿಕೊಂಡೇ ಹುಟ್ಟಿದವರಂತೆ ಕೂರುತ್ತಿದ್ದರು. ಅವರಿಗೆ ಅಪಾರ ಸಂತೋಷವಾಯಿತು.

"ಅಂದ್ರ ನಮ್ಮ ಮಂದಿ ಗಟ್ಟಿ ಅದಾರಂತಾತು! ಆಗಲೇಬೇಕು, ಕೃಷ್ಣಾ ನೀರು ಕುಡದಾರ. ಚಿಕ್ಕಪಡಸಲಗಿ ಬ್ಯಾರೇಜ ನಾವ ಕಟಗೊಂಡೀವಿ, ಸರಕಾರದ ಹಾದಿ ನೋಡಿಲ್ಲ. ಅಂಥಾ ಎದಿ ಐತಿ ನಮ್ಮದು. ಇದನ್ನ ಪೇಪರಿಗೆ ಕೊಡ್ರಿ. ಉದ್ಘಾಟನಾ ಇಟಗೊಳ್ಳೋಣು."

"ಧಣ್ಯಾರ, ಇದು ಗಟ್ಟಿ ಇರೂದಲ್ರಿ. ಎಣಿಸಿಲ್ಲ ಅನಸ್ತೈತ್ರಿ. ಯಂತ್ರ ಇನ್ನೂ ತಯಾರಿಲ್ಲ."

"ಕಾರ್ಡ ಪ್ರಿಂಟಿಗೆ ಹೋದೂವಲ್ಲ?" ಎಂದರು ಅಧ್ಯಕ್ಷರು, ಅಲ್ಲಿಗೆ ವಿಜ್ಞಾನದ ಚರ್ಚೆ ಮುಗಿಯಿತೆಂಬಂತೆ.

ಮುಧೋಳದವರು ವಾರ್ಡಿಗೆ ಹೋಗಿ ನರ್ಸುಗಳನ್ನು ಕೇಳಿದರು: ಎಣಿಸೀರೇನ್ರಿ? ಎಳೆಯ ನರ್ಸೊಬ್ಬಳು ಸಿರಿಂಜು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ಸರ್, ನಲವತ್ತ ಮಂದಿ ಪೇಶಂಟ ಅದಾರ, ಇಬ್ಬರ ಅದೀವಿ. ಒಬ್ಬೊಬ್ಬರ ಮುಂದ ಒಂದ ನಿಮಿಷ ಎದಿ ನೋಡಕೋತ ನಿಂತರ ಸಲಾಯಿನ್ ಯಾರ ಹಚ್ಚಬೇಕ್ರಿ? ನೀವ ಹಚ್ಚತೀರೇನು?" ಅವರು "ಖರೇ ಐತಿ" ಎಂದು ಹಿಂದಿರುಗಿದರು. ಆಕೆಯ ಮೇಲೆ ದೂರು ಬರೆಯಲಿಲ್ಲ. ನಾನಾಗಿದ್ದರೆ ಬರೆಯುತ್ತಿದ್ದೆ, ಎರಡು ಪುಟ.

೨೦೨೩ರ ಜನವರಿಯಲ್ಲಿ ಉದ್ಘಾಟನೆ ನಡೆಯಿತು. ಅತಿಥಿಗಳ ಚಹಾಕ್ಕೆ ಕೋಣೆ ಬೇಕೆಂದು ನಾನು ಏರಿಸಿ ಮುಗಿಸಿದ ಕೇಸ್‌ಪೇಪರ್‌ಗಳನ್ನೆಲ್ಲ ಅಧ್ಯಕ್ಷರ ಅಪ್ಪಣೆಯಂತೆ ರದ್ದಿಗೆ ಹಾಕಿದರು. ಆ ದಿನದ ವಾರ್ಡಿನ ಹಾಳೆಯನ್ನು ನಾನೇ ಕಂಪ್ಯೂಟರಿಗೆ ಏರಿಸಿದ್ದೆ. ಪರದೆಯ ಮೇಲೆ ಹಸಿರು ದೀಪಗಳ ಸಾಲು ಬೆಳಗಿತು. ಎಲ್ಲ ಮಂಚಕ್ಕೂ ಹಸಿರು, ಎಲ್ಲರಿಗೂ ಹದಿನೆಂಟು. ಮುಖ್ಯ ಅತಿಥಿಗಳು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕೈಯೆತ್ತಿ, "ನಮ್ಮ ಆಸ್ಪತ್ರ್ಯಾಗ ಒಬ್ಬಾವರೆ ಬ್ಯಾನಿ ಇದ್ದಾವ ಇಲ್ಲ ನೋಡ್ರಿ!" ಎಂದರು. ಆಸ್ಪತ್ರೆಯೊಂದಕ್ಕೆ ಇದು ಯಾವ ಬಗೆಯ ಹೊಗಳಿಕೆಯೆಂದು ಯಾರೂ ಕೇಳಲಿಲ್ಲ.

ಅವರು ಮಾತ್ರ ಒಂಬತ್ತನೆಯ ಮಂಚವನ್ನು ನೋಡುತ್ತಿದ್ದರು. ಅಲ್ಲಿನ ರೋಗಿ ಬೆಳಿಗ್ಗೆಯೇ ಮನೆಗೆ ಹೋಗಿದ್ದ. ಮಂಚದ ಮೇಲೆ ಸುತ್ತಿಟ್ಟ ಹಾಸಿಗೆಯ ವಿನಾ ಏನೂ ಇರಲಿಲ್ಲ. ಪರದೆಯಲ್ಲಿ ಒಂಬತ್ತನೆಯ ಮಂಚ ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡುತ್ತಿತ್ತು. ನರ್ಸು ಖಾಲಿ ಬಿಟ್ಟಿದ್ದ ಆ ಸಾಲನ್ನು ನಾನು ಶಿಸ್ತಿನಿಂದ ತುಂಬಿದ್ದೆ. ಅವರು ಮಂಚದಿಂದ ಪರದೆಗೆ, ಪರದೆಯಿಂದ ನನ್ನ ಕಡೆಗೆ ತಿರುಗಿದರು. ಇಪ್ಪತ್ತೇಳು ವರ್ಷ ಬೇರೆಯವರನ್ನು ನಾನು ನೋಡಿದ ನೋಟ ಅದು. ನನ್ನ ಕಡೆಗೆ ಮೊದಲ ಸಲ ತಿರುಗಿತು.

ಸಾಯಂಕಾಲ ಹಾರಗಳನ್ನೆಲ್ಲ ಗುಡಿಸಿ ಹಾಕಿದ ಮೇಲೆ ನಾನೇ ಹೋಗಿ ಎಲ್ಲವನ್ನೂ ಹೇಳಿದೆ: ಖಾಲಿ ಮನೆಗಳು, ಇಪ್ಪತ್ತಾರುಗಳು, ಮೂವತ್ತೊಂದುಗಳು. ಅವರು ಬೈಯಲಿಲ್ಲ. ಕೈಚೀಲದ ತಳದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಬಿಡಿಸಿದರು. ಕೇಸ್‌ಪೇಪರಿನ ಜೆರಾಕ್ಸ್ ಪ್ರತಿ.

"ನನ್ನ ತಂಗೀದ್ರಿ. ಬೀಳಗಿಗೆ ಕೊಟ್ಟಿದ್ದಿವಿ. ಬಾಣಂತಿ ಇದ್ದಳು, ಮೂರನೇ ದಿವಸ. ಆ ಹೆರಿಗಿ ಆಸ್ಪತ್ರಿ ಈಗ ಇಲ್ಲ, ಬಂದಾಗೇತಿ. 'ಅಣ್ಣಾ, ಯಾಕೋ ದಮ್ಮ ಹತ್ತಾಕತ್ತೇತಿ' ಅಂತ ಮುಂಜಾನೆ ಫೋನ್‌ನ್ಯಾಗ ಹೇಳಿದಳು. ನಾ ಪುಣಾದಾಗ ನಂಜಿನ ಮ್ಯಾಲೇ ಕೆಲಸ ಮಾಡಾಕತ್ತಿದ್ದೆ ನೋಡ್ರಿ. 'ಡಾಕ್ಟರ್ ಏನಂದ್ರು?' ಅಂತ ಕೇಳಿದೆ. 'ಎಲ್ಲಾ ನಾರ್ಮಲ್ ಅಂದ್ರು' ಅಂದಳು. ನಾನೂ ಬಿಟ್ಟೆ."

ಕಾಗದದಲ್ಲಿ ಹನ್ನೊಂದು ಸಾಲುಗಳಿದ್ದವು. ಉಸಿರಿನ ಮನೆಯಲ್ಲಿ ಹನ್ನೊಂದು ಹದಿನೆಂಟುಗಳು. ಕೊನೆಯ ಸಾಲಿನ ವೇಳೆಗೂ ಅವರು ಬೆರಳಿಟ್ಟು ತೋರಿಸಿದ ಸಾವಿನ ವೇಳೆಗೂ ನಡುವೆ ಒಂದು ಗಂಟೆಯಿತ್ತು.

"ಎಣಿಸೀರೇನ್ರಿ ಅಂತ ಆವತ್ತ ಯಾರೂ ಕೇಳಲಿಲ್ಲ ಮಾಸ್ತರ. ನಾನೂ ಕೇಳಲಿಲ್ಲ."

ನನ್ನ ಮನೆಯಲ್ಲಿ ಒಂದು ದಾಖಲೆಯಿತ್ತು. ಯಾವ ತಿದ್ದುಪಡಿಯನ್ನೂ ದಾಖಲೆಯಿಲ್ಲದೆ ಮಾಡುವುದು ನನ್ನ ಪದ್ಧತಿಯಲ್ಲ. ಶಾಲೆಯ ಕಾಲದಿಂದಲೂ ತಿದ್ದಿದ್ದಕ್ಕೆಲ್ಲ ಎರಡು ಸಾಲಿನ ಪುಸ್ತಕವಿಡುತ್ತಿದ್ದೆ: ಎಡಕ್ಕೆ 'ತಪ್ಪು', ಬಲಕ್ಕೆ 'ಸರಿ'. ಆಸ್ಪತ್ರೆಯಲ್ಲಿಯೂ ನೂರು ಪುಟದ ಮೂರು ಪುಸ್ತಕಗಳಲ್ಲಿ, ರೋಗಿಯ ಸಂಖ್ಯೆ, ತಾರೀಖು, ವೇಳೆ ಸಹಿತ, ನಾನು ತಿದ್ದಿದ ಮತ್ತು ತುಂಬಿದ ಪ್ರತಿಯೊಂದು ಅಂಕಿಯನ್ನೂ ಬರೆದಿಟ್ಟಿದ್ದೆ. ಮರುದಿನ ಅವನ್ನು ತಂದು ಅವರ ಮೇಜಿನ ಮೇಲಿಟ್ಟೆ.

ಅವರು ಅವತ್ತಿಡೀ ಓದಿದರು. ಮಧ್ಯಾಹ್ನದ ಹೊತ್ತಿಗೆ ಅವರು ನಕ್ಕದ್ದು ಕೇಳಿಸಿತು. ಅವರ ನಗುವನ್ನು ನಾನು ಕೇಳಿದ್ದು ಅದೇ ಮೊದಲು. "ಮಾಸ್ತರ, ಬರ್ರಿಲ್ಲೆ! ನಿಮ್ಮ ತಪ್ಪಿನ ಸಾಲಿನಾಗ ಬರೇ ಖರೇ ಅದಾವ್ರಿ. ಸರಿ ಸಾಲಿನಾಗ ಬರೇ ಹದಿನೆಂಟು!"

ಮೂಲ ಕಾಗದಗಳು ರದ್ದಿಯವನ ಪಾಲಾಗಿದ್ದುದರಿಂದ, ಆ ಆಸ್ಪತ್ರೆಯಲ್ಲಿ ನಿಜವಾಗಿ ಎಣಿಸಿದ ಉಸಿರುಗಳಿಗೆ ಉಳಿದಿದ್ದ ದಾಖಲೆ ನನ್ನ ತಪ್ಪುಗಳ ಪಟ್ಟಿಯೊಂದೇ.

ಆ ಗೀಚು ಕೈಬರಹ ಶಾಂತಕ್ಕನದು. ಬನಹಟ್ಟಿಯ ನೇಕಾರರ ಮನೆಯ ಹೆಣ್ಣುಮಗಳು, ಆಸ್ಪತ್ರೆಯ ಎಲ್ಲರಿಗಿಂತ ಹಿರಿಯ ನರ್ಸು. ನೀನೊಬ್ಬಳೇ ಯಾಕೆ ಎಣಿಸುತ್ತಿದ್ದೆ ಎಂದು ಕೇಳಿದಾಗ ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ನಮ್ಮಪ್ಪ ಮಗ್ಗದ ಮುಂದ ಕುಂತು ಎಳಿ ಎಣಿಸ್ತಿದ್ರಿ. ಒಂದ ಎಳಿ ತಪ್ಪಿದರ ಸೀರಿ ಕೆಡತೈತಿ ಅಂತಿದ್ದ. ನಾ ಎಲ್ಲಾರದೂ ಎಣಿಸಂಗಿಲ್ರಿ, ಎಲ್ಲಿ ಹೊತ್ತ ಸಿಗತೈತಿ? ಯಾರ ಮಾರಿ ನನಗ ಬರೋಬರಿ ಕಾಣಂಗಿಲ್ಲ, ಅವರದಷ್ಟ ಎಣಿಸ್ತೀನಿ. ಕೈ ಹಿಡಕೊಂಡು ನಾಡಿ ನೋಡದಂಗ ಮಾಡಬೇಕ್ರಿ. ಉಸಿರು ಎಣಿಸಾಕತ್ತಾರ ಅಂತ ಗೊತ್ತಾದ್ರ ಮಂದಿ ಉಸಿರಾಡೂದೂ ನಾಟಕ ಮಾಡ್ತಾರ."

ಇದನ್ನು ಕೇಳಿ ಅವರು ಎರಡು ದಿನ ಮಂಕಾಗಿದ್ದರು. ಆಮೇಲೆ ನನಗೆ ವಿವರಿಸಿದರು. ಈ ಅಂಕಿಗಳಿಂದ ಯಂತ್ರ ಕಲಿಯುವುದು ನಂಜಿನ ಲಕ್ಷಣವನ್ನಲ್ಲ, ಶಾಂತಕ್ಕನ ಅನುಮಾನವನ್ನು. ಆಕೆ ಯಾರದನ್ನು ಎಣಿಸಿದಳೋ ಅವರೇ ಕಾಯಿಲೆಯವರೆಂದು ಅದು ತಿಳಿಯುತ್ತದೆ. ಬೇರೆ ಯಾರಾದರೂ ಆಗಿದ್ದರೆ ಈ ಸಂಗತಿಯನ್ನು ನುಂಗಿಕೊಂಡು ಒಂದು ಪ್ರಬಂಧ ಪ್ರಕಟಿಸುತ್ತಿದ್ದರು. ಇವರು ಮತ್ತೆ ಮೊದಲಿನಿಂದ ಆರಂಭಿಸಿದರು. ಎಲ್ಲರನ್ನೂ ಎಣಿಸಿರೆಂದು ನರ್ಸುಗಳಿಗೆ ಹೇಳಲಿಲ್ಲ. ಪಾಳಿಗೊಮ್ಮೆ ಯಂತ್ರ ಆರು ಮಂಚಗಳನ್ನು ಹೆಸರಿಸುತ್ತಿತ್ತು: ನಾಡಿಯೂ ರಕ್ತದ ವರದಿಯೂ ಅನುಮಾನ ಹುಟ್ಟಿಸಿದ ಮೂರು, ಸುಮ್ಮನೆ ಚೀಟಿ ಎತ್ತಿದಂತೆ ಆರಿಸಿದ ಮೂರು. ಆರು ಮಂಚಕ್ಕೆ ಆರು ನಿಮಿಷ. ಉಳಿದವರ ಮನೆ ಖಾಲಿ. ಮೊದಲು ಜಗಳಾಡಿದ್ದ ಎಳೆಯ ನರ್ಸೇ, "ಆರು ಆದ್ರ ಅಡ್ಡಿಯಿಲ್ರಿ" ಎಂದಳು.

ಆ ಮಳೆಗಾಲದ ಹೊತ್ತಿಗೆ ಪರದೆಯ ಮೇಲೆ ಆಗಾಗ ಕೆಂಪು ದೀಪ ಹತ್ತತೊಡಗಿತು. ಅಲ್ಲಿಂದ ಅವರ ನಿಜವಾದ ಕಷ್ಟ ಆರಂಭವಾಯಿತು. ಕೆಲವು ಸಲ ಕೆಂಪು ಸುಳ್ಳಾಗುತ್ತಿತ್ತು. ಆಗ ದೊಡ್ಡ ಡಾಕ್ಟರರು, ಅಂದರೆ ಆಸ್ಪತ್ರೆಯ ಮುಖ್ಯ ವೈದ್ಯರು, ಎಲ್ಲರಿಗೂ ಕೇಳುವಂತೆ ನಗುತ್ತಿದ್ದರು. ಕೆಲವು ಸಲ ನಿಜವಾಗುತ್ತಿತ್ತು. ಆಗ ಅದೇ ಡಾಕ್ಟರರು, "ಇದು ನನಗ ಮುಂಜಾನೇನ ಗೊತ್ತಾಗಿತ್ತು" ಎನ್ನುತ್ತಿದ್ದರು. ಅವರಿಗೆ ಮುಂಜಾನೆ ಗೊತ್ತಾದದ್ದು ಯಾವಾಗಲೂ ಸಂಜೆಯೇ ಗೊತ್ತಾಗುತ್ತಿತ್ತು. ರೋಗಿಗಳು ಉಳಿಯುತ್ತಿದ್ದರು, ಆದರೆ ಯಂತ್ರ ವೈದ್ಯರಿಗಿಂತ ಮೊದಲು ಗುರುತಿಸಿತೆಂಬುದು ಎಂದೂ ಸಿದ್ಧವಾಗುತ್ತಿರಲಿಲ್ಲ. ಅಧ್ಯಕ್ಷರಿಗೆ ಕೆಂಪು ಬಣ್ಣವೇ ಆಗಿಬರಲಿಲ್ಲ. "ಹೊಸದಿದ್ದಾಗ ಎಷ್ಟ ಛಲೋ ಹಸರ ಇತ್ತು! ಈಗ ಬಂದ ಬೀಗರು ಕೆಂಪ ನೋಡಿ ಅಳಾಕ ಹತ್ತತಾರ. ಗಡುವು ಮುಗೀಲಿ, ತಗಸಿಬಿಡೋಣು." ಮಾರ್ಚ್ ಹತ್ತೊಂಬತ್ತಕ್ಕೆ ಮಂಡಳಿಯ ಸಭೆಯನ್ನೂ ಕರೆದು, ಯಂತ್ರವನ್ನು ತೆಗೆಯುವ ಠರಾವಿನ ಕರಡನ್ನು ನನ್ನಿಂದಲೇ ಬರೆಸಿಟ್ಟರು. ಕರಡಿನಲ್ಲಿ ಒಂದೂ ತಪ್ಪಿರಲಿಲ್ಲ. ಅದು ನನಗೆ ಸಮಾಧಾನ ಕೊಡದ ಮೊದಲ ಕರಡು.

೨೦೨೪ರ ಮಾರ್ಚ್ ಮೊದಲ ವಾರ ಅಧ್ಯಕ್ಷರ ಕಾಲಿಗೆ ಹೊಲದಲ್ಲಿ ಕಬ್ಬಿನ ಕೂಳೆ ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು, ಬಾತುಕೊಂಡಿತು. ತಮ್ಮದೇ ಆಸ್ಪತ್ರೆಯ ಸ್ಪೆಷಲ್ ರೂಮಿನಲ್ಲಿ ಎರಡು ದಿನ ಇದ್ದರು. ಮೂರನೆಯ ದಿನ ಬೆಳಿಗ್ಗೆ ದೊಡ್ಡ ಡಾಕ್ಟರರು ಬಂದು ನೋಡಿ, ನಕ್ಕು ಮಾತನಾಡಿ, 'ಸಂಪೂರ್ಣ ಗುಣಮುಖರಾಗಿದ್ದಾರೆ' ಎಂದು ಬಿಡುಗಡೆಯ ಕಾಗದಕ್ಕೆ ವೇಳೆ ಬರೆದು ಸಹಿ ಹಾಕಿದರು. ಅರ್ಧ ಗಂಟೆಯಲ್ಲಿ ರಕ್ತದ ವರದಿ ಬಂತು. ಯಂತ್ರ ಆ ಮಂಚವನ್ನು ಹೆಸರಿಸಿ, ಉಸಿರು ಎಣಿಸಿ ಎಂದಿತು. ಎಳೆಯ ನರ್ಸು ನನ್ನ ಬಳಿಗೆ ಬಂದು ಪಿಸುಗುಟ್ಟಿದಳು: "ಧಣ್ಯಾರ ಮುಂದ ನಿಂತು ಎದಿ ನೋಡಕೋತ ಎಣಿಸಾಕ ಬರತೈತೇನ್ರಿ ಸರ್? ಹದಿನೆಂಟ ಬರದ ಬಿಡ್ರಲಾ."

ಒಂದೂವರೆ ವರ್ಷದ ಹಿಂದಾಗಿದ್ದರೆ ಬರೆದುಬಿಡುತ್ತಿದ್ದೆ. ಶಾಂತಕ್ಕನನ್ನು ಕರೆದೆ.

ಶಾಂತಕ್ಕ ಒಳಗೆ ಹೋದಾಗ ಅಧ್ಯಕ್ಷರು ಹತ್ತಾರು ಭೇಟಿಗಾರರ ನಡುವೆ ಕೂತು ಫೋನಿನಲ್ಲಿ ಯಾರಿಗೋ ಕಬ್ಬು ಕಡಿಯುವ ಗ್ಯಾಂಗಿನ ವಿಷಯ ಹೇಳುತ್ತಿದ್ದರು. ಆಕೆ ಅವರ ಮಣಿಕಟ್ಟು ಹಿಡಿದು ನಾಡಿ ನೋಡುವವಳಂತೆ ಪೂರ್ತಿ ಒಂದು ನಿಮಿಷ ನಿಂತಳು. ಹೊರಗೆ ಬಂದು, "ಇಪ್ಪತ್ತೆಂಟ್ರಿ" ಎಂದಳು. ಅಂಕಿ ಏರಿಸಿದೆ. ಪರದೆಯ ಮೇಲೆ ಅಧ್ಯಕ್ಷರ ಹೆಸರು ಕೆಂಪಾಯಿತು.

ಮುಧೋಳದವರೂ, ದೊಡ್ಡ ಡಾಕ್ಟರರೂ ರೂಮಿಗೆ ಹೋದರು, ಹಿಂದೆ ನಾನು. ಸುದ್ದಿ ಆಗಲೇ ಮುಟ್ಟಿತ್ತು.

"ಏ, ನನ್ನ ಆಸ್ಪತ್ರ್ಯಾಗ ನನಗ ಕೆಂಪ ದೀಪನು?" ಅಧ್ಯಕ್ಷರು ಗುಡುಗಿದರು, ಆದರೆ ಪ್ರತಿ ಮೂರು ಮಾತಿಗೊಮ್ಮೆ ನಿಲ್ಲುತ್ತಿದ್ದರು. "ಯಾರ... ಹೇಳಿಕೊಟ್ಟಾರ ಅದಕ್ಕ? ತಗಸ್ತೀನಿ ಅಂದದ್ದಕ್ಕ... ಸಿಟ್ಟ ತೀರಿಸಿಕೊಳ್ಳಾಕತ್ತೀರೇನು?"

"ಯಾರೂ ಹೇಳಿಕೊಟ್ಟಿಲ್ರಿ ಧಣ್ಯಾರ. ಎಣಿಸ್ಯಾರ." ಆಮೇಲೆ ಅವರು ದೊಡ್ಡ ಡಾಕ್ಟರರ ಕಡೆ ತಿರುಗಿದರು. ದನಿ ತಗ್ಗಿಸಿ ಬೇಡಿಕೊಂಡರು; ಅವರು ಯಾರನ್ನಾದರೂ ಬೇಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಸಾಹೇಬ್ರ, ಯಂತ್ರ ಸುಳ್ಳ ಅನ್ರಿ, ನಾಳೆ ತಗೀರಿ, ನಾ ಏನೂ ಅನ್ನಂಗಿಲ್ಲ. ಈಗ ಒಂದ ನಿಮಿಷ ನೀವ ಎಣಿಸ್ರಿ."

ದೊಡ್ಡ ಡಾಕ್ಟರರು ಕೈಗಡಿಯಾರ ನೋಡುತ್ತ ನಿಂತರು. ರೂಮಿನಲ್ಲಿ ಅಷ್ಟು ಜನರಿದ್ದರೂ ಆ ಒಂದು ನಿಮಿಷ ಅಧ್ಯಕ್ಷರ ಉಸಿರು ಎಲ್ಲರಿಗೂ ಕೇಳುತ್ತಿತ್ತು. ಬೆಳಗಿನಿಂದಲೂ ಹಾಗೆಯೇ ಇದ್ದಿರಬೇಕು.

"ಇಪ್ಪತ್ತೊಂಬತ್ತು," ಎಂದರು ದೊಡ್ಡ ಡಾಕ್ಟರರು. ಬಿಡುಗಡೆಯ ಕಾಗದವನ್ನು ತಾವೇ ಮಡಚಿ ಜೇಬಿಗೆ ಹಾಕಿಕೊಂಡು, "ಎಲ್ಲಾರೂ ಹೊರಗ ನಡೀರಿ" ಎಂದರು. ರಕ್ತವನ್ನು ಪರೀಕ್ಷೆಗೆ ತೆಗೆದುಕೊಂಡು ಕೂಡಲೇ ಸಲಾಯಿನ್‌ನಲ್ಲಿ ಔಷಧ ಹಚ್ಚಿದರು. ಮಧ್ಯಾಹ್ನ ಅಧ್ಯಕ್ಷರ ರಕ್ತದೊತ್ತಡ ಕುಸಿಯಿತು. ಅಷ್ಟರಲ್ಲಿ ಔಷಧ ಮೈಗೆ ಹತ್ತಿತ್ತು. ಹಾಗಿಲ್ಲದಿದ್ದರೆ ಆ ಹೊತ್ತಿಗೆ ಅವರು ಹಿಪ್ಪರಗಿಯ ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ, ತಮ್ಮ ಕಾರಿನಲ್ಲಿರುತ್ತಿದ್ದರು. ಕಾಲಿನ ಒಂದು ಬೆರಳು ಹೋಯಿತು, ಜೀವ ಉಳಿಯಿತು. ಮುಂಜಾನೆಯೇ ಗೊತ್ತಾಗಿತ್ತೆಂದು ದೊಡ್ಡ ಡಾಕ್ಟರರು ಈ ಸಲ ಹೇಳಲಿಲ್ಲ. ಮುಂಜಾನೆ ಅವರಿಗೆ ಏನು ಗೊತ್ತಾಗಿತ್ತೆಂಬುದು, ವೇಳೆ ಸಹಿತ, ಅವರ ಜೇಬಿನಲ್ಲಿಯೇ ಇತ್ತು.

ಮಂಡಳಿಯ ಸಭೆಗೆ ಅಧ್ಯಕ್ಷರು ಕೋಲೂರಿಕೊಂಡು ಬಂದರು. ಈ ಯಂತ್ರವನ್ನು ಮೊದಲ ದಿನದಿಂದಲೂ ತಾವೊಬ್ಬರೇ ಬೆಂಬಲಿಸಿದ್ದಾಗಿ ಹೇಳಿ, ನನ್ನ ಹಳೆಯ ಕರಡನ್ನು ಹರಿದುಹಾಕಿಸಿ, ಹೊಸದನ್ನು ಬರೆಸಿದರು: 'ಯಂತ್ರವು ವಾರ್ಡಿನಲ್ಲಿ ಮುಂದುವರಿಯತಕ್ಕದ್ದು. ಎಣಿಸದ ಉಸಿರನ್ನು ಯಾರೂ ಬರೆಯತಕ್ಕದ್ದಲ್ಲ. ಆ ಮನೆಯನ್ನು ಖಾಲಿ ಬಿಡತಕ್ಕದ್ದು.' ಸದಸ್ಯರೊಬ್ಬರು ರೂಢಿಯಂತೆ, "ಎಲ್ಲಾರದೂ ಒಪ್ಪಿಗಿ ಐತಿ, ಬರಕೋರಿ" ಎಂದರು. ಅಧ್ಯಕ್ಷರು ಕೋಲನ್ನು ನೆಲಕ್ಕೆ ಕುಟ್ಟಿದರು. "ಎಣಿಸೀರೇನು? ಕೈ ಎತ್ರಿ, ಎಣಿಸ್ರಿ." ಎಂಟು ಕೈಗಳು ಎದ್ದವು. ಸ್ವಲ್ಪ ತಡವಾಗಿ ಒಂಬತ್ತನೆಯದು, ದೊಡ್ಡ ಡಾಕ್ಟರರದು.

ಅವರು ಹಿಂದಿನ ಸಾಲಿನಲ್ಲಿ, ಗುಂಡಿ ತಪ್ಪಿದ ಅಂಗಿಯಲ್ಲಿ ಕೂತಿದ್ದರು. ಹಾರ ಹಾಕಲು ಬಂದವರಿಗೆ ಸಿಗಲಿಲ್ಲ. ಸಭೆ ಮುಗಿದು ನಾನು ನನ್ನ ಕೋಣೆಗೆ ಬಂದಾಗ ಅಲ್ಲಿ ಕಾಯುತ್ತಿದ್ದರು. ನಾಲ್ಕು ಮಡಿಕೆಯ ಕಾಗದವನ್ನು ಮೇಜಿನ ಮೇಲೆ ಬಿಡಿಸಿದರು.

"ಮಾಸ್ತರ, ಇದೊಂದ ಏರಿಸಿಬಿಡ್ರಿ. ನನಗ ಆಗವಲ್ದು."

ತಂಗಿಯ ಸಂಖ್ಯೆ, ವಯಸ್ಸು, ತಾರೀಖು ಏರಿಸಿದೆ. ಒಂದೊಂದು ಸಾಲಿನ ಜ್ವರ, ನಾಡಿ ಏರಿಸಿದೆ. ಉಸಿರಿನ ಮನೆ ಬಂದಾಗಲೆಲ್ಲ ಬೆರಳು ತಾನಾಗಿ ಒಂದರ ಕಡೆಗೆ, ಎಂಟರ ಕಡೆಗೆ ಹೋಯಿತು, ಎತ್ತಿಕೊಂಡೆ. ಹನ್ನೊಂದು ಸಲ ಎತ್ತಿಕೊಂಡೆ. ಅವರು ನನ್ನ ಹಿಂದೆ ನಿಂತು ಮೆಲುದನಿಯಲ್ಲಿ ಖಾಲಿ ಮನೆಗಳನ್ನು ಎಣಿಸುತ್ತಿದ್ದರು. ಹನ್ನೊಂದು ಎಂದಾದ ಮೇಲೆ ಕಾಗದವನ್ನು ಮಡಚಿ ಚೀಲದಲ್ಲಿ ಹಾಕಿಕೊಳ್ಳಲಿಲ್ಲ. ನನ್ನ ಮೇಜಿನ ಮೇಲೆಯೇ ಬಿಟ್ಟು ಮುಧೋಳದ ಬಸ್ಸಿಗೆ ಹೋದರು.

ಆ ದಿನ ೨೦೨೪ನೆಯ ಇಸವಿ ಮಾರ್ಚ್ ತಿಂಗಳು, ಮಂಗಳವಾರ. ಸಭೆ ಒಂದು ದಿನ ಮೊದಲು ನಡೆದಿದ್ದರೆ ತಾರೀಖು ಈ ಬರಹಕ್ಕೆ ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಅದು ನಡೆದದ್ದು ಹತ್ತೊಂಬತ್ತರಂದು, ಹತ್ತೊಂಬತ್ತೆಂದೇ ಬರೆದಿದ್ದೇನೆ.